ಮೊಂಬಾಸಾಕ್ಕೆ ಹೋಗದ ಯಜಮಾನರು

ನಮ್ಮ ಕಾರ್ಖಾನೆಯ ಯಜಮಾನರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಅರಸೀಕೆರೆಯ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರಾಗಿದ್ದಾಗ ಎಂಜಿನ್ನಿನ ಯಾವುದೋ ಭಾಗದಡಿ ಸಿಕ್ಕಿ ಕಿತ್ತುಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಆ ನುಣುಪಾದ ಬೋಳು ಬೆರಳನ್ನು ಓಡುವ ಯಂತ್ರದ ಮೈಮೇಲಿಟ್ಟು, ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿ ನಿಲ್ಲುತ್ತಿದ್ದರು. ಮಗುವಿನ ಜ್ವರ ನೋಡುವ ತಾಯಿಯ ಹಾಗೆ. ಆಮೇಲೆ, “ಒಳಗಡೆ ಬೇರಿಂಗು ನರಳ್ತಾ ಐತೆ, ಬಿಚ್ರಲಾ” ಎನ್ನುವರು. ಬಿಚ್ಚಿದರೆ ಅಲ್ಲೇ ಸವೆದಿರುತ್ತಿತ್ತು.

ನಾನು ಅವರ ಬಳಿ ಕೆಲಸಕ್ಕೆ ಸೇರಿದ್ದು ಐವತ್ತರ ದಶಕ ಮುಗಿಯುತ್ತಿದ್ದಾಗ. ಬೇಲೂರಿನಲ್ಲಿ ದೇವಸ್ಥಾನದ ಕೈಂಕರ್ಯ ಮಾಡುವ ಮನೆಯಲ್ಲಿ ಹುಟ್ಟಿದವಳು ನಾನು. ಮದುವೆಯಾಗಿ ಅರಸೀಕೆರೆಗೆ ಬಂದಿದ್ದೆ. ನನ್ನವರು ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು. ಹಾಸನದಲ್ಲಿ ಕಲಿತ ಟೈಪಿಂಗು ಕೈಬಿಟ್ಟು ಹೋಗುತ್ತದೆಂದು ನಾನು ಕೊರಗುತ್ತಿದ್ದಾಗ, ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವ ಯಂತ್ರ ಮಾಡುವ ಕಾರ್ಖಾನೆಗೆ ಇಂಗ್ಲಿಷ್ ಕಾಗದ ಬರೆಯುವವರು ಬೇಕಂತೆ ಎಂಬ ಸುದ್ದಿ ತಂದವರು ಅವರೇ.

ಕಾರ್ಖಾನೆ ಎಂದರೆ ಒಂದು ದೊಡ್ಡ ತಗಡಿನ ಶೆಡ್ಡು, ಹನ್ನೊಂದು ಜನ ಕೆಲಸಗಾರರು. ಕೊಬ್ಬರಿ ಮಂಡಿಗಳ ಹಿಂದೆ ಬೆಟ್ಟದಂತೆ ಬಿದ್ದಿರುತ್ತಿದ್ದ ಸಿಪ್ಪೆಯನ್ನು ಜನ ಒಲೆಗೆ ಹಾಕುವುದನ್ನು ನೋಡಿ ನೋಡಿ, ಇದರಿಂದ ಹಗ್ಗ ಮಾಡಬಹುದಲ್ಲ ಎಂದು ಯೋಚಿಸಿ, ರೈಲ್ವೆಯ ಕಾಯಂ ಕೆಲಸ ಬಿಟ್ಟು ಇದನ್ನು ಕಟ್ಟಿದವರು ಯಜಮಾನರು. ಓದಿದ್ದು ನಾಲ್ಕನೇ ತರಗತಿ.

ನನ್ನ ಸರ್ಟಿಫಿಕೇಟನ್ನು ಅವರು ಬಿಚ್ಚಿಯೂ ನೋಡಲಿಲ್ಲ. ಹರಾಜಿನಲ್ಲಿ ತಂದ ಒಂದು ಟೈಪ್‌ರೈಟರನ್ನು ಮುಂದಿಟ್ಟರು. ಕಾಗದ ಹಿಡಿದು ಅತ್ತಿತ್ತ ಸರಿಯುವ ಅದರ ಗಾಡಿಯನ್ನು ಎಳೆಯುವ ಪಟ್ಟಿ ತುಂಡಾಗಿತ್ತು. “ಇದು ನಡೀತಿಲ್ಲ ಕಣಮ್ಮ. ನಡೆಸ್ತೀಯಾ?” ಎಂದರು. ನಾನು ಅತ್ತಿತ್ತ ನೋಡಿ, ಜಡೆಯ ಟೇಪನ್ನು ಬಿಚ್ಚಿ ಪಟ್ಟಿಯ ಜಾಗಕ್ಕೆ ಕಟ್ಟಿದೆ. ಗಾಡಿ ಓಡಿತು. ಅವರ ಮುಖ ಅರಳಿದ್ದು ನೋಡಬೇಕಿತ್ತು!

ಲೆಕ್ಕಪತ್ರ ನೋಡುತ್ತಿದ್ದ ಅವರ ಭಾವಮೈದುನರು ಪಕ್ಕದಲ್ಲೇ ನಿಂತಿದ್ದರು. “ಭಾವ, ಗ್ರೀಸು ಮೆತ್ಕೊಂಡ ಗಂಡಸರು ಓಡಾಡೋ ಜಾಗ. ಹೆಣ್ಮಕ್ಕಳನ್ನ ತಂದು ಕೂರಿಸಿದ್ರೆ ಊರಲ್ಲಿ ಏನಂತಾರೆ?” ಎಂದರು.

“ಯಂತ್ರ ತಿರುಗ್ತೈತೋ ಇಲ್ವೋ, ಅಷ್ಟು ಹೇಳು” ಎಂದರು ಯಜಮಾನರು. ಎಲ್ಲ ವಾದಕ್ಕೂ ಅವರಲ್ಲಿದ್ದ ಉತ್ತರ ಅದೊಂದೇ.

ಮೊಂಬಾಸಾ ನಮ್ಮ ಬಾಗಿಲಿಗೆ ಬಂದದ್ದು ಕೆಟ್ಟು ನಿಂತ ಒಂದು ಕಾರಿನಿಂದ. ಆಫ್ರಿಕಾದಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಒಬ್ಬ ಗುಜರಾತಿ ಸಾಹುಕಾರರು ಹಳೇಬೀಡು ನೋಡಲು ಹೊರಟಿದ್ದರು. ಜಾವಗಲ್ಲಿನ ಹತ್ತಿರ ಕಾರು ನಿಂತುಹೋಯಿತು. ಅಲ್ಲಿ ಒಂದು ತೋಟದಲ್ಲಿ ಯಂತ್ರ ಕೂರಿಸುತ್ತಿದ್ದ ಯಜಮಾನರು ಹೋಗಿ ಕಾರು ರಿಪೇರಿ ಮಾಡಿದ್ದಲ್ಲದೆ, ಸಾಹುಕಾರರನ್ನು ತೋಟಕ್ಕೇ ಕರೆದುಕೊಂಡು ಹೋಗಿ ಯಂತ್ರ ತೋರಿಸಿದರು. ಒಂದು ಕಡೆ ಸಿಪ್ಪೆ ಹಾಕಿದರೆ ಇನ್ನೊಂದು ಕಡೆ ಹೊಂಬಣ್ಣದ ನಾರು ಸುರಿಯುವುದನ್ನು ನೋಡುತ್ತ ನಿಂತ ಸಾಹುಕಾರರು ಹಳೇಬೀಡಿನ ದೇವಸ್ಥಾನವನ್ನು ಮರೆತೇಬಿಟ್ಟರು. ಮೊಂಬಾಸಾದ ಕಡಲತೀರದ ತುಂಬ ತೆಂಗಿದೆ, ಸಿಪ್ಪೆಯೆಲ್ಲ ಕೊಳೆಯುತ್ತಿದೆ ಎಂದು ಆ ಸಂಜೆ ನಮ್ಮ ಆಫೀಸಿನಲ್ಲಿ ಕುಳಿತು ಹೇಳಿದರು. ಮೂರು ಯಂತ್ರಗಳಿಗೆ ಅಲ್ಲೇ ಮಾತಾಯಿತು.

ಮರುದಿನ ನನ್ನವರು ಶಾಲೆಯಿಂದ ಭೂಪಟ ತಂದರು. ಶೆಡ್ಡಿನ ಗೋಡೆಗೆ ತೂಗುಹಾಕಿ ನಾನು ಮೊಂಬಾಸಾ ತೋರಿಸಿದಾಗ ಕೆಲಸಗಾರರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದರು. “ಆಫ್ರಿಕಾ ಕಣ್ರಲಾ! ನಮ್ ಸುತ್ತಿಗೆ ಏಟು ಆಫ್ರಿಕಾದಲ್ಲಿ ಕೇಳಿಸ್ತದೆ!” ಎಂದು ಯಜಮಾನರು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಮೂರು ಯಂತ್ರ ಹೋದ ಮೇಲೆ ಇನ್ನೂ ಎಂಟಕ್ಕೆ ಬೇಡಿಕೆ ಬಂತು. ಆದರೆ ಅಲ್ಲಿ ಜೋಡಿಸುವವರು, ಕೆಟ್ಟರೆ ನೋಡುವವರು ಯಾರು? ನಮ್ಮವರನ್ನು ಕಳಿಸೋಣವೆಂದರೆ ಪರವಾನಗಿಗೆ ವರ್ಷಗಟ್ಟಲೆ ಕಾಯಬೇಕು. ಅಲ್ಲಿನವರನ್ನೇ ಇಟ್ಟುಕೊಳ್ಳೋಣವೆಂದರೆ ಅಲ್ಲಿನ ಕಾನೂನು, ತೆರಿಗೆ, ಭಾಷೆ ಒಂದೂ ಗೊತ್ತಿಲ್ಲ. ಆಗ ಸಾಹುಕಾರರು ಒಂದು ದಾರಿ ಬರೆದು ತಿಳಿಸಿದರು. ಬಂದರಿನ ಕಚೇರಿಯಿಂದ ನಿವೃತ್ತರಾದ ಒಬ್ಬ ಏಜೆಂಟರಿದ್ದಾರೆ. ಪರದೇಶದ ಕಂಪನಿಗಳಿಗೆ ಬೇಕಾದ ಜನರನ್ನು ಅವರು ತಮ್ಮ ಹೆಸರಿನಲ್ಲಿ ನೇಮಿಸಿಕೊಳ್ಳುತ್ತಾರೆ. ಪ್ರತಿ ಶನಿವಾರ ಸಂಬಳ ಕೊಡುತ್ತಾರೆ. ಸರ್ಕಾರಕ್ಕೆ ಕಟ್ಟಬೇಕಾದ್ದನ್ನು ಕಟ್ಟುತ್ತಾರೆ. ಕೆಲಸ ಮಾತ್ರ ನಮ್ಮದು. ಯಂತ್ರ ಮಾರಿದ ಹಣದಲ್ಲಿ ಸಂಬಳದ ಭಾಗವನ್ನೂ ಏಜೆಂಟರ ಕೂಲಿಯನ್ನೂ ಸಾಹುಕಾರರು ಅಲ್ಲೇ ಕೊಟ್ಟುಬಿಡುತ್ತಾರೆ.

ನಾನು ಅದನ್ನು ಎರಡು ಸಲ ಕನ್ನಡದಲ್ಲಿ ಓದಿ ಹೇಳಿದೆ. ಯಜಮಾನರು, “ಅಲ್ಲಮ್ಮ, ಹಂಗಾದ್ರೆ ಅವರು ಯಾರ ಜನ? ಅವರ ಜನವೋ, ನಮ್ ಜನವೋ?” ಎಂದು ಕೇಳಿದರು.

“ಕಾಗದದ ಪ್ರಕಾರ ಅವರ ಜನ” ಎಂದೆ.

“ಸರಿ, ಸಂಬಳ ಅವರ ಕೈಯಿಂದ ಹೋಗ್ಲಿ. ಆರಿಸೋದು ಮಾತ್ರ ನಾನೇ” ಎಂದರು.

ಸಮುದ್ರದ ಆಚೆ ಇರುವ, ಮುಖ ನೋಡದ, ಮಾತು ಬಾರದ ಜನರನ್ನು ಅರಸೀಕೆರೆಯಲ್ಲಿ ಕುಳಿತು ಆರಿಸುವುದು ಹೇಗೆ? ಅವರು ಮಾಡಿದ ಉಪಾಯ ಇವತ್ತಿಗೂ ನನಗೆ ರೋಮಾಂಚನ ತರುತ್ತದೆ. ಒಂದು ಹೊಸ ಯಂತ್ರವನ್ನು ಪೂರ್ತಿ ಬಿಚ್ಚಿ, ಒಂದೊಂದು ಬೋಲ್ಟನ್ನೂ ಬೇರೆ ಮಾಡಿ, ದೊಡ್ಡ ಪೆಟ್ಟಿಗೆಗೆ ತುಂಬಿಸಿದರು. ನಕ್ಷೆ ಇಡಲಿಲ್ಲ. ಜೊತೆಗೆ ಒಂದು ಪೂರ್ತಿ ಯಂತ್ರದ ಫೋಟೋ ಮಾತ್ರ. ಏಜೆಂಟರಿಗೆ ನನ್ನಿಂದ ಹೀಗೆ ಬರೆಸಿದರು: ಕೆಲಸ ಕೇಳಿಕೊಂಡು ಬಂದವರ ಮುಂದೆ ಈ ಪೆಟ್ಟಿಗೆ ಬಿಚ್ಚಿ. ಸರ್ಟಿಫಿಕೇಟು ಕೇಳಬೇಡಿ. ಯಾರು ಜೋಡಿಸಿ ನಾರು ತೆಗೆಯುತ್ತಾರೋ ಅವರ ಹೆಸರು ತಿಳಿಸಿ.

“ಹಡಗಿನ ಬಾಡಿಗೆ ದಂಡ” ಎಂದು ಭಾವಮೈದುನರು ಗೊಣಗಿದರು. ಪೆಟ್ಟಿಗೆ ಗೂಡ್ಸ್ ಗಾಡಿ ಹತ್ತಿ ಬಂದರಿಗೆ ಹೋಯಿತು. ಆಮೇಲೆ ನಾವು ಕಾದ ಕಾಯುವಿಕೆ! ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಸಾಕು, ಲೇತ್ ನಿಲ್ಲುತ್ತಿತ್ತು. ಯಜಮಾನರು ದಿನಕ್ಕೆರಡು ಸಲ ಭೂಪಟದ ಮುಂದೆ ನಿಂತು, “ಇವತ್ತು ಎಲ್ಲಿಗೋಗಿರ್ತದೆ ಪೆಟ್ಗೆ?” ಎಂದು ಕೇಳುತ್ತಿದ್ದರು. ನಾನು ನೀಲಿಯ ಮೇಲೆ ಅಂದಾಜಿಗೆ ಒಂದು ಕಡೆ ಬೆರಳಿಡುತ್ತಿದ್ದೆ.

ಕೊನೆಗೆ ಉತ್ತರ ಬಂತು. ಮೂವತ್ತು ಜನ ಬಂದಿದ್ದರಂತೆ. ಒಳ್ಳೊಳ್ಳೆಯ ಸರ್ಟಿಫಿಕೇಟು ತಂದಿದ್ದ ಹಲವರು, ನಕ್ಷೆಯಿಲ್ಲದ ಯಂತ್ರ ಮುಟ್ಟುವುದಿಲ್ಲವೆಂದು ಹೊರಟುಹೋದರು. ಐದು ಜನ ಗಂಡಸರು ಜೋಡಿಸಿದರು, ಆದರೆ ನಾರು ಬರುವ ಬದಲು ಸಿಪ್ಪೆ ಸಿಕ್ಕಿಹಾಕಿಕೊಂಡು ಯಂತ್ರ ನಿಂತಿತು. ಆಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಒಬ್ಬ ಹೆಂಗಸು ಒಳಗೆ ಬಂದಳು. ಹಗ್ಗ ಹೊಸೆದು ಜೀವನ ಮಾಡುವ ವಿಧವೆ. ಹಲ್ಲಿನ ಉರುಳೆಯನ್ನು ಹಿಂದುಮುಂದಾಗಿ ಹಾಕಿದ್ದೀರಿ, ನಾರು ಯಾವ ಕಡೆ ಬಿಚ್ಚಿಕೊಳ್ಳುತ್ತದೆಂದು ಕೈಗೆ ಗೊತ್ತಿಲ್ಲವೇ ಎಂದು ಬೈದು, ತಿರುಗಿಸಿ ಹಾಕಿಸಿದಳು. ಯಂತ್ರ ಓಡಿತು. “ಐದು ಗಂಡಸರನ್ನು ನೇಮಿಸಲು ಅಡ್ಡಿಯಿಲ್ಲ. ಆದರೆ ಆಕೆಗೆ ಓದು ಬರಹವಿಲ್ಲ, ಇಲ್ಲಿನ ಕಾರ್ಖಾನೆಗಳಲ್ಲಿ ಹೆಂಗಸರನ್ನು ಫಿಟ್ಟರ್ ಕೆಲಸಕ್ಕೆ ಇಟ್ಟುಕೊಳ್ಳುವ ರೂಢಿಯಿಲ್ಲ. ಏನು ಮಾಡಬೇಕೆಂದು ತಂತಿಯ ಮೂಲಕ ತಿಳಿಸಿ” ಎಂದು ಏಜೆಂಟರು ಮುಗಿಸಿದ್ದರು.

ನಾನು ಕಾಗದ ಓದಿ ಮುಗಿಸಿದೆ. ಯಜಮಾನರು ನನ್ನ ಕಡೆ ನೋಡಿದರು, ಭಾವಮೈದುನರ ಕಡೆ ನೋಡಿದರು. ಭಾವಮೈದುನರು ಬಾಯಿ ತೆರೆಯುವ ಮೊದಲೇ, “ತಂತಿ ಕೊಡಮ್ಮ. ಆ ಯಮ್ಮನೇ ಮೇಸ್ತ್ರಿ, ಆ ಐದು ಜನ ಅವಳ ಕೈಕೆಳಗೆ ಅಂತ!” ಎಂದರು. ನಾನು ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ತಂತಿ ಕಚೇರಿಗೆ ಓಡಿದೆ. ಬೇಲೂರಿನ ಮನೆತನದಿಂದ ಬಂದ ಸೊಸೆ ಹಾಡಹಗಲೇ ಪೇಟೆ ಬೀದಿಯಲ್ಲಿ ಬರಿಗಾಲಲ್ಲಿ ಓಡಿದ್ದು ನಮ್ಮತ್ತೆಗೆ ವಾರಕ್ಕೆ ಸಾಕಾಗುವಷ್ಟು ಮಾತಾಯಿತು.

ಆರು ಜನರ ಹೆಸರನ್ನೂ ನಾನು ಕನ್ನಡದಲ್ಲಿ ಹಲಗೆಯ ಮೇಲೆ ಬರೆಯಬೇಕಾಯಿತು. ಬೆಳಿಗ್ಗೆ ಹಾಜರಿ ಕೂಗುವಾಗ ನಮ್ಮ ಹನ್ನೊಂದರ ಜೊತೆ ಆ ಆರನ್ನೂ ಯಜಮಾನರು ಕೂಗುತ್ತಿದ್ದರು. ಆ ಹೆಂಗಸಿನ ಹೆಸರು ಮ್ವಾನಾಯಿಷಾ. ಯಾರ ನಾಲಿಗೆಗೂ ಹತ್ತದೆ ಅದು ‘ಮಾನೈಶಮ್ಮ’ ಆಯಿತು. ಅವಳ ಹೆಸರು ಕೂಗಿದಾಗ ನಮ್ಮವರಲ್ಲಿ ಯಾರಾದರೊಬ್ಬ, “ಅವ್ಳೆ, ಇಲ್ಲೇ ಅವ್ಳೆ” ಎಂದು ಉತ್ತರ ಕೊಡುತ್ತಿದ್ದ. ಎಲ್ಲರೂ ನಗುವರು.

ಏಜೆಂಟರು ತಿಂಗಳಿಗೊಮ್ಮೆ ಕಳಿಸುತ್ತಿದ್ದ ಸಂಬಳದ ಪಟ್ಟಿ ಬಂದರೆ ಯಜಮಾನರು ಮೊತ್ತ ಕೇಳುತ್ತಿರಲಿಲ್ಲ. “ಯಾರ್ಗಾದ್ರೂ ಮೈಗೆ ಹುಷಾರಿಲ್ವಾ? ಯಾರಾದ್ರೂ ರಜಾ ಹಾಕವ್ರಾ? ಕೇಳಿ ಬರಿಯಮ್ಮ” ಎನ್ನುವರು. ಇಂಥ ಪ್ರಶ್ನೆಗಳಿಗೆ ಉತ್ತರಿಸುವುದು ಒಪ್ಪಂದದಲ್ಲಿಲ್ಲ ಎಂದು ಏಜೆಂಟರು ಮೊದಮೊದಲು ಬರೆದರು. ನಾಲ್ಕು ತಿಂಗಳ ನಂತರ ತಾವಾಗಿಯೇ, ಒಬ್ಬನಿಗೆ ಹೆಣ್ಣು ಮಗುವಾಯಿತೆಂದು ಸೇರಿಸಿದರು. ಆ ದಿನ ಶೆಡ್ಡಿನಲ್ಲಿ ಎಲ್ಲರಿಗೂ ಮೈಸೂರುಪಾಕು.

ಒಂದೇ ಒಂದು ಸಲ ಯಜಮಾನರು ಮಂಕಾದದ್ದನ್ನು ಕಂಡೆ. ಮೊಂಬಾಸಾ ಬಂದರಿನಲ್ಲಿ ಮುಷ್ಕರವಾಗಿ ನಮ್ಮ ಯಂತ್ರಗಳು ಹಡಗಿನಿಂದ ಇಳಿಯದೆ ಉಳಿದವು. ಜೋಡಿಸಲು ಏನೂ ಇಲ್ಲ, ಮಾರಲು ಏನೂ ಇಲ್ಲ. ಆರು ಜನ ಸುಮ್ಮನೆ ಕುಳಿತಿದ್ದಾರೆ, ಅವರು ನನ್ನ ಹೆಸರಿನಲ್ಲಿರುವುದರಿಂದ ನಿಮಗೆ ಯಾವ ಕಾನೂನಿನ ತೊಡಕೂ ಇಲ್ಲ, ಒಂದು ತಂತಿ ಕೊಟ್ಟರೆ ವಾರದಲ್ಲಿ ಎಲ್ಲರನ್ನೂ ಬಿಡಿಸುತ್ತೇನೆ ಎಂದು ಏಜೆಂಟರು ಬರೆದರು.

“ಇದಕ್ಕೇ ಅಲ್ವಾ ಭಾವ, ನಾವು ಈ ಏರ್ಪಾಡು ಮಾಡ್ಕೊಂಡಿದ್ದು? ಆಮೇಲೆ ಬೇಕಾದ್ರೆ ಬೇರೆ ಜನ ಸಿಗ್ತಾರೆ” ಎಂದರು ಭಾವಮೈದುನರು. ಅವರ ಮಾತು ತಪ್ಪೂ ಆಗಿರಲಿಲ್ಲ. ನಮ್ಮ ಶೆಡ್ಡಿಗೇ ಕಷ್ಟವಿತ್ತು, ಮಾರಾಟವಿಲ್ಲದೆ ಆ ಆರು ಜನರ ಸಂಬಳವನ್ನೂ ಇಲ್ಲಿಂದಲೇ ಕಟ್ಟಬೇಕಿತ್ತು. ಯಜಮಾನರು ಮೂರು ವರ್ಷದಿಂದ ಆಸೆಪಟ್ಟು ಹೊಸ ಲೇತ್ ಒಂದಕ್ಕೆ ಕೂಡಿಟ್ಟ ಹಣ ಬಿಟ್ಟರೆ ಬೇರೇನೂ ಇರಲಿಲ್ಲ.

ಎರಡು ದಿನ ಅವರು ಹಾಜರಿ ಕೂಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎಂದಿನಂತೆ ಹಾಜರಿ ಕೂಗಲು ನಿಂತರು. ನಮ್ಮವರ ಹೆಸರು ಮುಗಿಯಿತು. ಮಾನೈಶಮ್ಮನ ಹೆಸರು ಕೂಗಿದರು. ಅವತ್ತು ಯಾರೂ ಉತ್ತರ ಕೊಡಲಿಲ್ಲ. ಎಲ್ಲರಿಗೂ ವಿಷಯ ಗೊತ್ತಿತ್ತು. ಹಿಂದೆ ನಿಂತಿದ್ದ ನಮ್ಮ ಕಮ್ಮಾರ, ಗಂಡಸಿ ಊರಿನ ಮುದುಕ, “ಅವ್ಳೋ ಇಲ್ವೋ ನೀವೇ ಹೇಳ್ಬೇಕು, ಯಜಮಾನ್ರೇ” ಎಂದ.

ಯಜಮಾನರು ಭಾವಮೈದುನರ ಕಡೆ ತಿರುಗಿ, “ಲೇತು ಮುಂದಿನ್ ವರ್ಷ ತಗೊಳ್ಳಾನ ಕಣೋ” ಎಂದರು.

ನನ್ನ ಹತ್ತಿರ ಬಂದಾಗ ಅವರ ಕಣ್ಣಿನಲ್ಲಿ ಹಳೆಯ ಬೆಳಕು ಮರಳಿತ್ತು. “ಬರಕೊಳಮ್ಮ. ಒಬ್ರನ್ನೂ ಬಿಡಿಸಬೇಡಿ. ಸುಮ್ನೆ ಕೂರಿಸಲೂ ಬೇಡಿ. ತೋಟ ತೋಟಕ್ಕೆ ಕಳಿಸಿ. ನಮ್ ಯಂತ್ರ ಆಗ್ಲಿ, ಯಾರದೇ ಪಂಪು, ಎಂಜಿನ್ನು ಆಗ್ಲಿ, ಕೆಟ್ಟಿದ್ದು ಕಂಡ್ರೆ ಬಿಟ್ಟಿ ರಿಪೇರಿ ಮಾಡ್ಲಿ!”

ಮಾನೈಶಮ್ಮ ತನ್ನ ಐದು ಜನರನ್ನು ಕಟ್ಟಿಕೊಂಡು ತೀರದುದ್ದಕ್ಕೂ ತೋಟಗಳನ್ನು ಸುತ್ತಿದಳು. ಮುಷ್ಕರ ಮುಗಿದು ಹಡಗಿನ ಸರಕು ಇಳಿಯುವ ಹೊತ್ತಿಗೆ ಆ ತೋಟಗಳವರೆಲ್ಲ ಏಜೆಂಟರ ಬಾಗಿಲಲ್ಲಿದ್ದರು. ಆ ಆರು ಜನರ ಯಂತ್ರವೇ ಬೇಕೆಂದು ಕೇಳುತ್ತಿದ್ದಾರೆಂದು ಏಜೆಂಟರು ಬರೆದ ಕಾಗದದಲ್ಲಿದ್ದ ಬೇಡಿಕೆ, ನಮ್ಮ ಶೆಡ್ಡು ಎರಡು ವರ್ಷ ದುಡಿದರೂ ಮುಗಿಯದಷ್ಟು. ಜಾವಗಲ್, ಗಂಡಸಿಗಳಿಂದ ಹೊಸ ಜನ ಬಂದರು. ಶೆಡ್ಡಿನ ಪಕ್ಕ ಇನ್ನೊಂದು ಶೆಡ್ಡು ಎದ್ದಿತು. ಯಂತ್ರಗಳನ್ನೇ ತುಂಬಿಕೊಂಡ ಇಡೀ ವ್ಯಾಗನ್ನೊಂದು ಜಂಕ್ಷನ್ನಿನಿಂದ ಹೊರಟಾಗ ಯಜಮಾನರು ಪಂಚೆ ಎತ್ತಿ ಕಟ್ಟಿ ಪ್ಲಾಟ್‌ಫಾರಂ ಕೊನೆಯವರೆಗೂ ಅದರ ಜೊತೆಗೇ ಓಡಿದರು. ಐವತ್ತು ದಾಟಿದ ಮನುಷ್ಯ!

ಆಮೇಲೆ ಇನ್ನೆರಡು ದೇಶಗಳಲ್ಲಿ ಇದೇ ರೀತಿಯಲ್ಲಿ ಜನರನ್ನು ಇಟ್ಟೆವು. ಅಲ್ಲಿನ ಏಜೆಂಟರ ಜೊತೆ ಮಾತಾಡಿ ಆರಿಸುವ ಕೆಲಸವನ್ನು ಯಜಮಾನರು ಪೂರ್ತಿಯಾಗಿ ನನಗೆ ಒಪ್ಪಿಸಿದರು. ಮುಂದೆ ಹದಿನೆಂಟು ವರ್ಷ ನಾನು ಅದನ್ನೇ ಮಾಡಿದೆ. ನನ್ನ ಮಕ್ಕಳು ಓದಿದ್ದು, ನಮ್ಮ ಮನೆ ಎದ್ದದ್ದು ಅದರಿಂದಲೇ. ಕಾಗದದಲ್ಲಿ ಕಾಣದ ಮನುಷ್ಯರನ್ನು ಕಾಣುವುದನ್ನು ಕಲಿತದ್ದೂ ಅವರಿಂದ.

ಸಾಹುಕಾರರು ಎಷ್ಟು ಕರೆದರೂ ಯಜಮಾನರು ಮೊಂಬಾಸಾಕ್ಕೆ ಹೋಗಲಿಲ್ಲ. “ನಾನೋದ್ರೆ ಅವರು ನನ್ನ ಮುಖ ನೋಡ್ತಾರೆ. ಕೆಲಸ ನೋಡಲ್ಲ” ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಯಂತ್ರ ನೋಡಲೆಂದು ಗಂಡಸಿಯ ಬಸ್ಸು ಹತ್ತಿದವರು ಅಲ್ಲಿ ಇಳಿಯಲಿಲ್ಲ. ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಾರೆಂದುಕೊಂಡು ಕಂಡಕ್ಟರ್ ಎಬ್ಬಿಸಲು ಹೋದನಂತೆ.

ಯಜಮಾನರು ಇನ್ನಿಲ್ಲವೆಂದು ಮೊಂಬಾಸಾಕ್ಕೆ ನಾನೇ ತಂತಿ ಕೊಟ್ಟೆ. ಮೂರು ವಾರಕ್ಕೆ ಏಜೆಂಟರ ಕಾಗದ ಬಂತು. ಆರು ಜನರೂ ತಂತಿ ತಲುಪಿದ ದಿನ ಕೆಲಸಕ್ಕೆ ಬಂದು, ಯಂತ್ರ ಹಚ್ಚದೆ ಕುಳಿತಿದ್ದರಂತೆ. ಕೊನೆಯಲ್ಲಿ ಮಾನೈಶಮ್ಮ ಹೇಳಿ ಬರೆಸಿದ ಎರಡು ಸಾಲು ಇತ್ತು: “ಇಷ್ಟು ವರ್ಷ ಅವರ ಅನ್ನ ತಿಂದೆವು. ಅವರನ್ನು ನೋಡಲಿಲ್ಲ. ಹೇಗಿದ್ದರು, ದಯವಿಟ್ಟು ಬರೆಯಿರಿ.”

ಕಳಿಸೋಣವೆಂದರೆ ಅವರ ಒಂದು ಫೋಟೋ ಕೂಡ ಇರಲಿಲ್ಲ. ನಾನು ಟೈಪ್‌ರೈಟರಿನ ಮುಂದೆ ಕುಳಿತೆ. ಶೆಡ್ಡಿನವರೆಲ್ಲ ಸುತ್ತ ನೆರೆದರು. ಅವರು ಕುಳ್ಳಗಿದ್ದರು ಅಂತ ಬರಿಯಿರಿ ಎಂದನೊಬ್ಬ. ಕುಳ್ಳಗೇನಲ್ಲ, ನಡು ಎತ್ತರ ಎಂದನಿನ್ನೊಬ್ಬ. ನಕ್ಕರೆ ಭುಜ ಕುಣಿಯುತ್ತಿತ್ತು ಅಂತ ಬರೀರಿ. ಕೋಪ ಬಂದರೆ ರೈಲ್ವೆಯಲ್ಲಿ ಕಲಿತ ತಮಿಳಲ್ಲಿ ಬಯ್ಯುತ್ತಿದ್ದರು ಅಂತಲೂ. ಒಬ್ಬೊಬ್ಬರು ಹೇಳಿದ್ದನ್ನೂ ಇಂಗ್ಲಿಷಿಗೆ ತಿರುಗಿಸಿ ಬರೆದೆ. ನಡುನಡುವೆ ನಾನು ಅತ್ತೆ, ನಡುನಡುವೆ ಎಲ್ಲರೂ ನಕ್ಕೆವು. ನಾಲ್ಕು ಹಾಳೆ ತುಂಬಿತು. ಸಾಕೆಂದು ನಾನು ಮಡಿಸತೊಡಗಿದಾಗ, ಇಷ್ಟು ಹೊತ್ತೂ ಬಾಗಿಲಿಗೆ ಒರಗಿ ಸುಮ್ಮನೆ ನಿಂತಿದ್ದ ಭಾವಮೈದುನರು ಒಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು.

“ಇನ್ನೊಂದು ಹಾಳೆ ಹಾಕಮ್ಮ, ನಂದೂ ಐತೆ” ಎಂದರು.