ಊಟದ ಹೊತ್ತಿನ ಇಂಗ್ಲಿಷ್

ಗಿರಿಜಾ, ನಿನಗೆ ಬಂದ ಕೆಲಸದ ಕಾಗದವನ್ನು ಬಚ್ಚಿಟ್ಟವನು ನಾನು. ಅದು ಅಂಚೆಯಲ್ಲಿ ಕಳೆದುಹೋಗಲಿಲ್ಲ. ಶಿವಮೊಗ್ಗದ ಆ ಶಾಲೆಯವರು ನಿನ್ನನ್ನು ಮರೆಯಲೂ ಇಲ್ಲ. ಕಾಗದ ಬಂತು, ನನ್ನ ಕೈಗೇ ಬಂತು, ನಾನೇ ಅದನ್ನು—

ಇಲ್ಲ, ಕ್ರಮವಾಗಿ ಬರೆಯುತ್ತೇನೆ. ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದ ಕೈ ಇದು. ಹಿನ್ನೆಲೆ ಬರೆಯದೆ ವಿಷಯಕ್ಕೆ ಬರುವುದು ಅದಕ್ಕೆ ಗೊತ್ತಿಲ್ಲ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಸಹಿಸಿಕೋ.

ಭದ್ರಾವತಿಯ ಕಾರ್ಖಾನೆಯ ಕಚೇರಿಯಲ್ಲಿ ನನ್ನನ್ನು ‘ಡಿಕ್ಷನರಿ ಸಿದ್ದಪ್ಪ’ ಎಂದು ಕರೆಯುತ್ತಿದ್ದರು. ಆ ಬಿರುದು ಬಂದದ್ದು ಒಂದೇ ಮಧ್ಯಾಹ್ನದಲ್ಲಿ. ಕಾಗದ, ಪೆನ್ನು, ಪಿನ್ನು ಬೇಕೆಂದು ಇನ್ನೊಬ್ಬ ಗುಮಾಸ್ತ ಬರೆದ ಪತ್ರವೊಂದು ಊಟದ ಹೊತ್ತಿಗೆ ನನ್ನ ಚೀಲದಲ್ಲೇ ಉಳಿದು ಮನೆಗೆ ಬಂದಿತ್ತು. ನೀನು ಸಾರು ಬಡಿಸುತ್ತಾ ಅದರ ಕಡೆ ಕಣ್ಣು ಹಾಯಿಸಿದೆ. “ರೀ, ಈ ಸ್ಪೆಲಿಂಗಿನ ಸ್ಟೇಷನರಿ ಕಾಗದ-ಪೆನ್ನಿನದಲ್ಲ. ಇದು ಕದಲದೆ ಕೂತಿರೋದಕ್ಕೆ ಹೇಳೋದು. ಅಂದ್ರೆ ನೀವು” ಎಂದೆ. ತಪ್ಪಿದ್ದ ಕಡೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟೆ. ನಾನು ಮರಳಿ ಹೋಗಿ ಆ ಚುಕ್ಕೆಯನ್ನು ಒರೆಸಿ ಅಲ್ಲಿ ಕೆಂಪು ಶಾಯಿ ಎಳೆದೆ. ಪಕ್ಕದ ಮೇಜಿನ ಸೆಲ್ವಂ ಅದನ್ನು ನೋಡಿ, “ಅಣ್ಣಾ, ಎಂಥಾ ಕಣ್ಣು ನಿಮ್ದು!” ಎಂದ.

ಕಣ್ಣು ನನ್ನದಲ್ಲ ಎಂದು ಆಗಲೇ ಹೇಳಬಹುದಿತ್ತು. ನಾನು ಕನ್ನಡಕ ಒರೆಸಿಕೊಂಡೆ. ಹಾಗೆ ಒರೆಸಿಕೊಂಡದ್ದೇ ಮೊದಲ ಸುಳ್ಳು.

ಅಲ್ಲಿಂದ ಮುಂದೆ ಕಚೇರಿಯ ಇಂಗ್ಲಿಷ್ ಪತ್ರಗಳೆಲ್ಲ ನನ್ನ ಮೇಜನ್ನು ಹಾದು ಹೋಗತೊಡಗಿದವು. ಒಂದೇ ಥರ ಕೇಳಿಸುವ ಎರಡೆರಡು ಪದಗಳನ್ನು ಇಂಗ್ಲಿಷಿನವರು ಯಾಕೆ ಇಟ್ಟುಕೊಂಡರೋ ನನಗೆ ಇವತ್ತಿಗೂ ತಿಳಿಯದು. ಬಹುಶಃ ನನ್ನಂಥವರನ್ನು ಹಿಡಿಯುವುದಕ್ಕೇ ಇರಬೇಕು. ಬೆಳಿಗ್ಗೆ ಬಂದ ಪತ್ರಕ್ಕೆ ನನ್ನ ಉತ್ತರ ಒಂದೇ: “ಇಟ್ಟಿರಿ, ಊಟ ಆದ್ಮೇಲೆ ನೋಡ್ತೀನಿ.” ಎಲ್ಲರೂ ಬುತ್ತಿ ತರುವಾಗ ನಾನೊಬ್ಬ ಮನೆಗೆ ಓಡುವುದಕ್ಕೆ ಕಾರಣ ಬೇಕಿತ್ತು. ಅದಕ್ಕೆ ಹೊಟ್ಟೆಯಲ್ಲಿ ಹುಣ್ಣು ಹುಟ್ಟಿಸಿಕೊಂಡೆ. ಡಾಕ್ಟರು ಬಿಸಿ ಅನ್ನವನ್ನೇ ತಿನ್ನಬೇಕೆಂದು ಹೇಳಿದ್ದಾರೆ ಎಂದೆ. ಸೆಲ್ವಂ ಪಾಪ, ಹನ್ನೊಂದು ವರ್ಷ ನನ್ನ ಇಲ್ಲದ ಹುಣ್ಣಿಗೆ ಮನೆಯಿಂದ ಮೆಂತ್ಯದ ಪುಡಿ ತಂದುಕೊಟ್ಟ. ನಾನು ಹನ್ನೊಂದು ವರ್ಷ ಅದನ್ನು ಅವನ ಕಣ್ಣೆದುರಿಗೇ ನುಂಗಿದೆ. ಅಷ್ಟರಮಟ್ಟಿಗೆ ಶಿಕ್ಷೆ ಆಗಿದೆ ಎಂದು ದಾಖಲಿಸಬಹುದು.

ಸೈರನ್ ಆದ ಹತ್ತು ನಿಮಿಷಕ್ಕೆ ಪತ್ರಗಳು ಕ್ವಾರ್ಟರ್ಸಿನ ನಮ್ಮ ಅಡುಗೆಮನೆಯಲ್ಲಿ ನಿನ್ನ ಸಾರಿನ ಪಾತ್ರೆಯ ಪಕ್ಕದಲ್ಲಿರುತ್ತಿದ್ದವು. ಗೇಟಿನ ಕಾವಲುಗಾರ ಚೀಲ ತೆಗೆಸಿ ನೋಡುತ್ತಿದ್ದುದು ಕಬ್ಬಿಣ ಕದಿಯುವವರನ್ನು ಹಿಡಿಯಲು. ಇಂಗ್ಲಿಷ್ ಕದಿಯುವವನನ್ನು ಹಿಡಿಯಲು ಕಾರ್ಖಾನೆ ಯಾರನ್ನೂ ನೇಮಿಸಿರಲಿಲ್ಲ. ನೀನು ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪೆನ್ಸಿಲು ಹಿಡಿದು ಓದುತ್ತಿದ್ದೆ. “ಎರಕದ ಪೈಪಿಗೆ ಯಾವ ಜಾತಿ ರೀ? ಈ ಕಾಸ್ಟಿನ ಕೊನೇ ಅಕ್ಷರ ತೆಗೀರಿ.” “ಈ ಪುಣ್ಯಾತ್ಮನ ಮಗು ಹುಟ್ಟಿದೆಯೋ, ರೈಲಿನ ಬರ್ತಲ್ಲಿ ಮಲಗಿದೆಯೋ? ರಜೆ ಯಾವುದಕ್ಕೆ ಕೇಳಿದ್ದಾನೆ ಮಾರಾಯ್ರೆ?” ನಾನು ನಗುತ್ತಾ ಉಣ್ಣುತ್ತಿದ್ದೆ. ಹೊಳೆಹೊನ್ನೂರಿನ ಮೇಷ್ಟರ ಮಗಳು, ಕಾಲೇಜಿನಲ್ಲಿ ಇಂಗ್ಲಿಷಿಗೆ ಮೊದಲನೆಯವಳು— ನಿನಗೆ ಅದು ಆಟವಾಗಿತ್ತು. ನನಗೆ ಅದು ಮರ್ಯಾದೆ.

ಈಗ ವಿಷಯಕ್ಕೆ ಬರುತ್ತೇನೆ.

ಶಿವಮೊಗ್ಗದ ಒಂದು ಖಾಸಗಿ ಶಾಲೆಗೆ ಇಂಗ್ಲಿಷ್ ಟೀಚರ್ ಬೇಕೆಂದು ತಿಳಿದು ನೀನು ಅರ್ಜಿ ಬರೆದೆ. ಆಗ ನಿನಗೆ ಮೂವತ್ತಾರು. ಅರ್ಜಿಯನ್ನು ನಾನೇ ಅಂಚೆಗೆ ಹಾಕಿದೆ, ಉದಾರಿಯಂತೆ. ಈ ವಯಸ್ಸಿನಲ್ಲಿ ಯಾರು ಕರೆಯುತ್ತಾರೆ ಎಂಬ ಧೈರ್ಯವಿತ್ತು. ಕ್ವಾರ್ಟರ್ಸಿನ ಎಲ್ಲ ಹೆಂಗಸರ ಹಾಗೆ ನೀನೂ ವಿಳಾಸಕ್ಕೆ ಗಂಡನ ಕಚೇರಿಯನ್ನೇ ಕೊಟ್ಟಿದ್ದೆ. ಅಂಚೆಯವನು ಮನೆ ಹುಡುಕುವುದಕ್ಕಿಂತ ಅದು ಭದ್ರ ಎಂದು. ಭದ್ರ!

ಹದಿನೈದು ದಿನಕ್ಕೆ ಉತ್ತರ ನನ್ನ ಮೇಜಿಗೆ ಬಂತು. ಮುಂದಿನ ಗುರುವಾರ ಹತ್ತು ಗಂಟೆಗೆ ಬಂದು ಪ್ರಿನ್ಸಿಪಾಲರನ್ನು ಕಾಣತಕ್ಕದ್ದು ಎಂದಿತ್ತು. ಓದಿದೊಡನೆ ನನಗೆ ಏನನ್ನಿಸಿತು ಗೊತ್ತೇ? ಈ ಪ್ರಿನ್ಸಿಪಲ್ ಶಾಲೆಯ ಮುಖ್ಯಸ್ಥರದೋ, ತತ್ವ-ಸಿದ್ಧಾಂತದ್ದೋ ಎಂಬ ಅನುಮಾನ. ಕೈ ತಾನಾಗಿ ಊಟದ ಚೀಲದ ಕಡೆ ಹೋಯಿತು. ನಿನ್ನ ಕೆಲಸದ ಕಾಗದವನ್ನು ನಿನ್ನಿಂದಲೇ ತಿದ್ದಿಸಿ ತರಲು ಹೊರಟಿದ್ದೆ! ಆ ಕೈಯನ್ನು ಹಾಗೇ ಹೋಗಲು ಬಿಟ್ಟಿದ್ದರೆ ಇವತ್ತು ಇದನ್ನು ಬರೆಯಬೇಕಿರಲಿಲ್ಲ.

ಆದರೆ ಅದೇ ಹೊತ್ತಿಗೆ ಸೂಪರಿಂಟೆಂಡೆಂಟರು ಬಂದು, “ಸಿದ್ದಪ್ನೋರೆ, ಮೇಲಿನವರು ತನಿಖೆಗೆ ಬರ್ತಿದಾರೆ. ಇನ್ನು ಒಂದು ಕಾಗದಾನೂ ನಿಮ್ಮ ಕಣ್ಣು ತಪ್ಪಿಸಿ ಹೋಗೋ ಹಾಗಿಲ್ಲ” ಎಂದರು. ನೀನು ಬೆಳಿಗ್ಗೆ ಎಂಟರ ಬಸ್ಸಿಗೆ ಶಿವಮೊಗ್ಗಕ್ಕೆ ಹೋದರೆ ಮಧ್ಯಾಹ್ನ ಒಂದು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ? ಅನ್ನದ ಚಿಂತೆ ಎಂದು ತಿಳಿಯಬೇಡ. ಅನ್ನ ನಾನೇ ಇಟ್ಟುಕೊಳ್ಳಬಲ್ಲೆ. ಅನ್ನದ ಚಿಂತೆಯಾಗಿದ್ದರೆ ಕೇವಲ ಸೋಮಾರಿ ಗಂಡನಾಗುತ್ತಿದ್ದೆ. ಅದಕ್ಕೆ ನಮ್ಮಲ್ಲಿ ಕ್ಷಮೆ ಇದೆ. ನನಗೆ ಬೇಕಾಗಿದ್ದುದು ಆ ಚುಕ್ಕೆಗಳು.

ಕಾಗದವನ್ನು ಕಚೇರಿಯ ದಪ್ಪ ಡಿಕ್ಷನರಿಯೊಳಗೆ ಇಟ್ಟೆ. ಇಡೀ ಕಚೇರಿಯಲ್ಲಿ ಯಾರೂ ತೆರೆಯದ ಜಾಗ ಅದೊಂದೇ. ನಾನಿರುವಾಗ ಅದು ಯಾರಿಗೆ ಬೇಕು?

“ಏನಾದ್ರೂ ಬಂತಾ?” ನೀನು ದಿನಾ ಬಾಗಿಲಲ್ಲೇ ಕೇಳುತ್ತಿದ್ದೆ.

“ಇಲ್ಲ ಮಾರಾಯ್ತಿ, ಬಂದ್ರೆ ನಾನೇನು ಬಚ್ಚಿಟ್ಕೋತೀನಾ?”

ಈ ಮಾತನ್ನು ಇದೇ ಪದಗಳಲ್ಲಿ ಹೇಳಿದೆ. ಗುರುವಾರವೂ ಹೇಳಿದೆ. ಆವತ್ತು ನೀನು ತಿದ್ದಿದ ಪತ್ರಗಳು ಏಳು. ಇನ್ನೊಂದು ವಾರಕ್ಕೆ ನೀನು ಕೇಳುವುದನ್ನು ಬಿಟ್ಟೆ. ಚುಕ್ಕೆ ಇಡುವುದನ್ನು ಬಿಡಲಿಲ್ಲ, ಆದರೆ ಜಾತಿಯ ಪೈಪು, ರೈಲಿನ ಮಗು ಅಂಥ ಮಾತುಗಳು ನಿಂತವು. ಸುಮ್ಮನೆ ಓದಿ, ಚುಕ್ಕೆ ಇಟ್ಟು, ತಟ್ಟೆಯ ಪಕ್ಕಕ್ಕೆ ಸರಿಸುತ್ತಿದ್ದೆ. ನಾನು ಅದನ್ನು ಗಮನಿಸಿದೆ. ಗಮನಿಸಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ನಿವೃತ್ತಿಯ ದಿನ ಶಾಲು ಹೊದಿಸಿದರು. ನೀನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಸೆಲ್ವಂ ಎದ್ದು ಬಂದು, “ನಮ್ಮಣ್ಣ ತಿರುವಿ ತಿರುವಿ ಸವೆಸಿದ ಪುಸ್ತಕ, ಇದು ಅವರ ಮನೇಲೇ ಇರ್ಬೇಕು” ಎಂದು ಆ ಡಿಕ್ಷನರಿಯನ್ನೇ ನನ್ನ ಕೈಗಿಟ್ಟ. ಸವೆದಿರಲಿಲ್ಲ, ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ನೀನೂ ತಟ್ಟಿದೆ. ನನಗೆ ಶಾಲಿನೊಳಗೆ ಬೆವರಿತು.

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತ ನಿನ್ನ ತೊಡೆಯ ಮೇಲೆ ಆ ಡಿಕ್ಷನರಿ ಇತ್ತು. ನೀನು ತೆರೆಯಲಿಲ್ಲ. ನಿನಗೆ ಅದರ ಅಗತ್ಯವಿಲ್ಲ, ನನಗೆ ಧೈರ್ಯವಿಲ್ಲ. ಹೀಗೆ ನಮ್ಮಿಬ್ಬರ ನಡುವೆ ಅದು ಕ್ವಾರ್ಟರ್ಸಿನಿಂದ ಶಿವಮೊಗ್ಗದ ಈ ಬಾಡಿಗೆ ಮನೆಯವರೆಗೂ ಕ್ಷೇಮವಾಗಿ ಬಂದು, ಟಿವಿಯ ಪಕ್ಕದ ಗೂಡಿನಲ್ಲಿ ಕೂತಿದೆ. ಕದಲದೆ.

ನಿನ್ನೆ ಪಕ್ಕದ ಮನೆಯ ಶಾಂತಕ್ಕ ಬಂದಿದ್ದರು. ಅವರ ಮಗಳಿಗೆ ಎರಡು ಪದಗಳ ವ್ಯತ್ಯಾಸ ತಿಳಿಯಬೇಕಿತ್ತು. ಅಭ್ಯಾಸ ನೋಡು, “ನಾಳೆ ಊಟ ಆದ್ಮೇಲೆ ಕಳಿಸಿ” ಎಂದುಬಿಟ್ಟೆ. ಅವರು ನಿನ್ನ ಕಡೆ ತಿರುಗಿ, “ಇಂಥಾ ಯಜಮಾನ್ರನ್ನ ಇಟ್ಕೊಂಡು ನೀವೂ ಒಂಚೂರು ಇಂಗ್ಲಿಷ್ ಕಲ್ತುಕೋಬಹುದಿತ್ತಲ್ರೀ ಗಿರಿಜಕ್ಕ” ಎಂದರು.

ನೀನು ಅವರೆಕಾಳು ಸುಲಿಯುತ್ತಾ, “ನಮಗೆಲ್ಲಿ ತಲೆಗೆ ಹತ್ತುತ್ತೆ ಬಿಡಿ” ಎಂದೆ. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇನ್ನೂ ಹತ್ತು ವರ್ಷ ತಡೆದುಕೊಳ್ಳುತ್ತಿದ್ದೆನೋ ಏನೋ.

ಕಳೆದುಹೋದ ಆ ಗುರುವಾರವನ್ನು ತಂದುಕೊಡಲಾರೆ. ಆ ಶಾಲೆಯ ಮುಂದೆಯೇ ಹಾದು ನಾವು ವಾರಕ್ಕೆರಡು ಸಲ ತರಕಾರಿಗೆ ಹೋಗುತ್ತೇವೆ. ಪ್ರತಿ ಸಲವೂ ನಾನು ಆಚೆ ಬದಿಯ ಅಂಗಡಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತೇನೆ. ನೀನೂ ಗಮನಿಸಿರಬೇಕು. ಇಂದು ಮಧ್ಯಾಹ್ನ ಶಾಂತಕ್ಕನ ಮಗಳು ಬಂದಾಗ, ಕಲಿಸಬೇಕಾದವರು ಯಾರು, ಇಷ್ಟು ವರ್ಷ ಕಲಿಸಿದವರು ಯಾರು ಎಂದು ಆ ಹುಡುಗಿಯ ತಾಯಿಯ ಎದುರಿಗೇ ಹೇಳುತ್ತೇನೆ. ಸೆಲ್ವಂಗೂ ಬರೆಯುತ್ತೇನೆ— ಹುಣ್ಣಿನ ವಿಷಯವನ್ನೂ ಸೇರಿಸಿ.

ಅದಕ್ಕೆ ಮುಂಚೆ ಒಂದು ಗಂಟೆಗೆ ನೀನು ತಟ್ಟೆ ಹಾಕುತ್ತೀಯ. ಹಳೆಯ ಪದ್ಧತಿಯಂತೆ ಅದರ ಪಕ್ಕದಲ್ಲಿ ಎರಡು ಕಾಗದ ಇಡುತ್ತೇನೆ: ಒಂದು ಇದು, ಇನ್ನೊಂದು ಡಿಕ್ಷನರಿಯೊಳಗಿನದು. ಪೆನ್ಸಿಲು ಚೂಪು ಮಾಡಿಟ್ಟಿದ್ದೇನೆ. ಎಲ್ಲೆಲ್ಲಿ ತಪ್ಪಿದೆಯೋ ಅಲ್ಲಲ್ಲಿ ಚುಕ್ಕೆ ಇಡು. ಈ ಸಲ ಅವನ್ನು ಒರೆಸುವುದಿಲ್ಲ.