ಕೆಳಮನೆಯ ಮೇಡಂ ಮತ್ತು ಮುರಿದ ಸಾಲುಗಳು

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ನನ್ನ ಗಂಡ ನಿವೃತ್ತರಾದ ಮೇಲೆ ಬರೆಯಲು ಶುರುಮಾಡಿದರು. ಕಾಗದದ ಮೇಲಲ್ಲ, ಫೋನಿನಲ್ಲಿ. ಬೆಳಿಗ್ಗೆ ಕಾಫಿ ಮುಗಿಸಿ ಬಾಲ್ಕನಿಯಲ್ಲಿ ಕೂತು, ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ತಮ್ಮ ಶಿಫ್ಟಿನ ಗೆಳೆಯರ ಬಗ್ಗೆ, ಕ್ಯಾಂಟೀನಿನ ಬಗ್ಗೆ, ಮುಷ್ಕರದ ದಿನಗಳ ಬಗ್ಗೆ ಬರೆದು ತಮಗೆ ತಾವೇ ಮೇಲ್ ಮಾಡಿಕೊಳ್ಳುತ್ತಿದ್ದರು. ಅದನ್ನು ಕಂಪ್ಯೂಟರಿಗೆ ಇಳಿಸಿ ಪುಸ್ತಕದ ರೂಪಕ್ಕೆ ತರುವುದು ನನ್ನ ಕೆಲಸ. ನಾನು ಶಾಲೆಯ ಆಫೀಸಿನಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದವಳು. ಮನೆಯಲ್ಲಿ ಕಂಪ್ಯೂಟರ್ ಅಂದರೆ ನಾನೇ ಎಂಬ ಸಣ್ಣದೊಂದು ಜಂಬವೂ ನನಗಿತ್ತು.

ಮೇಲ್‌ನಿಂದ ತಂದು ಅಂಟಿಸಿದ ಕೂಡಲೇ ಬರಹ ಚೂರುಚೂರಾಗುತ್ತಿತ್ತು. ಪ್ರತಿ ಸಾಲಿನ ಕೊನೆಗೂ ಯಾರೋ ಎಂಟರ್ ಒತ್ತಿದಂತೆ, ಅರ್ಧ ವಾಕ್ಯಕ್ಕೇ ಹೊಸ ಪ್ಯಾರಾ. ನಾನು ಒಂದೊಂದೇ ಸಾಲಿನ ತುದಿಗೆ ಹೋಗಿ ಡಿಲೀಟ್ ಒತ್ತಿ, ಒಂದು ಸ್ಪೇಸ್ ಕೊಟ್ಟು, ಕೆಳಗಿನ ಸಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದೆ. ಅವರು ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದರು. ಸಂಜೆಯ ಕಾಫಿಯಿಂದ ಊಟದ ಹೊತ್ತಿನವರೆಗೆ ಅದೇ ಕೆಲಸ. ಶಿಫ್ಟುಗಳ ಮಧ್ಯೆಯೇ ಸಂಸಾರ ಕಳೆದ ನಮಗೆ ಅಷ್ಟು ಹೊತ್ತು ಒಟ್ಟಿಗೆ ಕೂತು ರೂಢಿಯೇ ಇರಲಿಲ್ಲ. ಬೆನ್ನು ನೋಯುತ್ತಿತ್ತು, ಆದರೂ ಬೇಗ ಮುಗಿಯಲಿ ಎಂದು ನನಗೆ ಅನ್ನಿಸಿರಲಿಲ್ಲ.

ಲಕ್ಷ್ಮೀಪುರಂನ ನಮ್ಮ ಮನೆಯ ಕೆಳಭಾಗಕ್ಕೆ ಆಗಷ್ಟೇ ಒಬ್ಬರು ಮೇಡಂ ಬಾಡಿಗೆಗೆ ಬಂದಿದ್ದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಒಂಟಿ. ಇಸ್ತ್ರಿ ಕೆಡದ ಹತ್ತಿ ಸೀರೆ, ತಗ್ಗಿದ ದನಿ. ಒಂದು ಸಂಜೆ ನೀರಿನ ಮೋಟರ್ ವಿಷಯ ಕೇಳಲು ಮೇಲೆ ಬಂದವರು, ನಾನು ಡಿಲೀಟ್ ಒತ್ತುತ್ತಿದ್ದುದನ್ನು ನಿಂತು ನೋಡಿದರು.

“ಒಂದೊಂದೇ ಯಾಕೆ ಮಾಡ್ತಿದ್ದೀರಿ? ಒಂದು ನಿಮಿಷ ಕೊಡಿ” ಎಂದರು.

ನಾನು ಏಳಬೇಕಾಯಿತು. ಅವರು ನನ್ನ ಜಾಗದಲ್ಲಿ ಕೂತು ಅದೇನೋ ಪುಟ್ಟ ಕಿಟಕಿ ತೆರೆದರು. ಹುಡುಕಬೇಕಾದ್ದು ಮೇಲೆ, ಬದಲಿಗೆ ಹಾಕಬೇಕಾದ್ದು ಕೆಳಗೆ. ಟೋಪಿಯಂಥ ಗುರುತು, ಪಕ್ಕದಲ್ಲಿ ಇಂಗ್ಲಿಷಿನ ಪಿ ಅಕ್ಷರ; ಎಂಟರ್ ಒತ್ತಿದ ಜಾಗಕ್ಕೆ ಅದೇ ಸಂಕೇತವಂತೆ. ಪಟಪಟನೆ ಏನೇನೋ ಒತ್ತಿದರು. ಮುರಿದ ಸಾಲುಗಳೆಲ್ಲ ಒಟ್ಟಿಗೆ ಕೂಡಿಕೊಂಡು, ಪ್ಯಾರಾಗಳು ಮಾತ್ರ ಇದ್ದಲ್ಲೇ ಉಳಿದವು. ಇಡೀ ಅಧ್ಯಾಯ ಸಿದ್ಧ.

“ಒಂದೇ ಏಟ್ಗೆ ಆಗೋಯ್ತಲ್ಲ ಮೇಡಂ!” ನನ್ನ ಗಂಡ ಚಪ್ಪಾಳೆ ತಟ್ಟುವುದೊಂದು ಬಾಕಿ. “ಇವಳು ತಿಂಗಳಿಂದ ಕುಟ್ತಾವ್ಳೆ ಪಾಪ.”

ಆ ‘ಪಾಪ’ ಎಂಬ ಮಾತು ನನ್ನ ಎದೆಗೆ ನಾಟಿತು. ಮೇಡಂ ಹೋದ ಮೇಲೂ ಊಟಕ್ಕೆ ಕೂತಾಗ ಇವರದು ಅದೇ ಮಾತು. ಮೇಡಂ ಎಷ್ಟು ಬುದ್ಧಿವಂತರು, ಮೇಡಂಗೆ ಒಂಚೂರೂ ಜಂಬ ಇಲ್ಲ, ಉಳಿದದ್ದನ್ನೂ ಭಾನುವಾರ ಮಾಡಿಕೊಡ್ತಾರಂತೆ. ನಾನು ಸಾರಿನ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟೆ.

ಭಾನುವಾರಕ್ಕೆ ಮೊದಲೇ ನಾನೇ ಮುಗಿಸಿಬಿಡಬೇಕು ಎಂದು ಹಟ ಬಂತು. ಮರುದಿನ ನನ್ನ ಗಂಡ ತರಕಾರಿ ತರಲು ಹೋದಾಗ ಮುಂದಿನ ಅಧ್ಯಾಯ ತೆರೆದೆ. ಟೋಪಿ, ಪಿ. ಬದಲಿಗೆ ಒಂದು ಸ್ಪೇಸ್. ಎಲ್ಲವನ್ನೂ ಬದಲಿಸು ಎಂಬುದನ್ನು ಒತ್ತಿದೆ. ಕ್ಷಣದಲ್ಲಿ ಆಯಿತು. ಹೆಮ್ಮೆಯಿಂದ ಸೇವ್ ಮಾಡಿ, ಮುಚ್ಚಿ, ಅನ್ನಕ್ಕಿಡಲು ಹೋದೆ.

ಅವರು ಬಂದು ತೆರೆದಾಗ ಗೊತ್ತಾಯಿತು. ಅಧ್ಯಾಯವಿಡೀ ಒಂದೇ ಪ್ಯಾರಾ. ಪುಟದ ಮೇಲೆ ಪುಟ, ಉಸಿರಾಡಲು ಜಾಗವಿಲ್ಲದ ಅಕ್ಷರದ ಗೋಡೆ. ಮೇಡಂ ಏನು ಮಾಡಿದ್ದರೋ ಅದರ ಮೊದಲ ಹೆಜ್ಜೆಯನ್ನು ನಾನು ನೋಡಿರಲೇ ಇಲ್ಲ.

“ಇರ್ಲಿ ಬುಡು. ಮೇಲ್‌ನಾಗೆ ಹಳೇದು ಐತಲ್ಲ. ಮೇಡಂನ ಕರೀತೀನಿ, ಎರಡು ನಿಮಿಷ” ಎಂದು ಎದ್ದರು.

“ಬೇಡ.”

“ಯಾಕೆ?”

“ಬೇಡ ಅಂದ್ರೆ ಬೇಡ ಕಣ್ರೀ.”

“ಅವರಿಗೇನು ಬೇಜಾರಿಲ್ಲ ಕಣೇ...”

“ನಂಗೆ ಬೇಜಾರು! ಅವರ ಹೆಸರೆತ್ತಿದ್ರೆ ನಂಗೆ ಹೊಟ್ಟೆ ಉರಿಯುತ್ತೆ. ಸಾಕಾ?”

ಅವರು ನಗಲು ಬಾಯಿ ತೆರೆದರು. “ಈ ವಯಸ್ಸಲ್ಲಾ?”

“ಹೊಟ್ಟೆಗೆ ವಯಸ್ಸಾಗುತ್ತೇನ್ರೀ?”

ನನ್ನ ಕಣ್ಣಲ್ಲಿ ನೀರು ನೋಡಿ ನಗು ನಿಂತಿತು. ಹಳೆಯದನ್ನು ಇಳಿಸಿಕೊಳ್ಳುವ ಮಾತನ್ನು ಅವರೂ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕುರ್ಚಿ ಎಳೆದುಕೊಂಡು, “ಓದ್ತೀನಿ, ಎಲ್ಲಿ ಮುರೀಬೇಕೋ ಹೇಳ್ತೀನಿ” ಎಂದರು.

ಅದು ಮುಷ್ಕರದ ಅಧ್ಯಾಯ. ಓದುತ್ತಾ ಓದುತ್ತಾ ಒಂದು ವಾಕ್ಯದ ಹತ್ತಿರ, “ಇಲ್ಲಿ ಎಂಟರ್ ಒತ್ತು” ಎಂದರು. ಕ್ಯಾಂಟೀನಿನಲ್ಲಿ ಊಟಕ್ಕೆ ಕೂತ ಗೆಳೆಯನ ಜೊತೆ ಇವರು ವಾದಕ್ಕಿಳಿದ ಕಡೆ.

“ಯಾಕ್ರೀ, ಮಾತಿನ್ನೂ ಮುಗಿದಿಲ್ಲ.”

“ಮುಗಿದಿಲ್ಲ. ಆದ್ರೆ ಅವನು ಅವತ್ತು ಇಲ್ಲೇ ತಟ್ಟೆ ಬುಟ್ಟು ಎದ್ದೋದ. ಆಮೇಲೆ ನನ್ ಜೊತೆ ಮಾತೇ ಆಡ್ಲಿಲ್ಲ.”

ನಮ್ಮ ಮದುವೆಗೆ ಬಂದು ಬಡಿಸಲು ನಿಂತಿದ್ದ ಗೆಳೆಯ ಆತ. ಯಾಕೆ ಮನೆಗೆ ಬರುವುದು ನಿಲ್ಲಿಸಿದ ಎಂದು ನಾನು ಎಷ್ಟೋ ಸಲ ಕೇಳಿದ್ದೆ, ಇವರು ಹೇಳಿರಲಿಲ್ಲ. ನಾನು ಎಂಟರ್ ಒತ್ತಿದೆ.

ಭಾನುವಾರ ಮೇಡಂ ಬಂದರು. ಈ ಸಲ ನಾನು ಕುರ್ಚಿ ಬಿಡಲಿಲ್ಲ. “ನೀವು ಹೇಳ್ಕೊಡಿ, ನಾನೇ ಒತ್ತುತ್ತೀನಿ” ಎಂದೆ. ಅವರು ನಿಂತುಕೊಂಡೇ ತಾಳ್ಮೆಯಿಂದ ಹೇಳಿದರು. ಒಂದು ಪ್ಯಾರಾ ಮುಗಿದು ಇನ್ನೊಂದು ಶುರುವಾಗುವ ಕಡೆ ಟೋಪಿ-ಪಿ ಜೋಡಿಯಾಗಿ ಬಂದಿರುತ್ತೆ. ಮೊದಲು ಆ ಜೋಡಿಯನ್ನು ಬರಹದಲ್ಲಿ ಎಲ್ಲೂ ಇಲ್ಲದ ಚಿಹ್ನೆಯೊಂದಕ್ಕೆ ಬದಲಿಸಿ ಕಾಪಾಡಿಕೊಳ್ಳಬೇಕು. ಆಮೇಲೆ ಒಂಟಿಯಾಗಿ ಉಳಿದವನ್ನೆಲ್ಲ ಸ್ಪೇಸ್ ಮಾಡಬೇಕು. ಕೊನೆಗೆ ಆ ಚಿಹ್ನೆಯನ್ನು ಮತ್ತೆ ಪ್ಯಾರಾ ಮಾಡಬೇಕು. ಚೆನ್ನಾಗಿ ಹೇಳಿಕೊಟ್ಟರು, ಅದಕ್ಕೂ ನನಗೆ ಸ್ವಲ್ಪ ಕಸಿವಿಸಿಯಾಯಿತು. ಕೆಟ್ಟದಾಗಿ ಹೇಳಿಕೊಟ್ಟಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು.

ಮೇಡಂ ಕೆಳಗಿಳಿದು ಹೋದ ಮೇಲೆ ಕೊನೆಯ ಅಧ್ಯಾಯವನ್ನು ನಾನೊಬ್ಬಳೇ ಮಾಡಿದೆ. ಒಂದು ಸಾಲೂ ತಪ್ಪಲಿಲ್ಲ. ತೋರಿಸೋಣವೆಂದು ತಿರುಗಿದರೆ ಪಕ್ಕದ ಕುರ್ಚಿ ಖಾಲಿ. ಇವರು ಬಾಲ್ಕನಿಯಲ್ಲಿ ಬಗ್ಗಿ ನಿಂತು, ಕೆಳಗಿನ ಅಂಗಳದಲ್ಲಿದ್ದ ಮೇಡಂಗೆ ಕರಿಬೇವಿನ ಗಿಡಕ್ಕೆ ಹುಳಿ ಮಜ್ಜಿಗೆ ಹಾಕಿದರೆ ಚೆನ್ನಾಗಿ ಚಿಗುರುತ್ತದೆ ಎಂದು ವಿವರಿಸುತ್ತಿದ್ದರು. ಆ ಗುಟ್ಟನ್ನು ಇವರಿಗೆ ಹೇಳಿಕೊಟ್ಟವಳು ನಾನು.

“ರೀ, ಬನ್ರೀ ಇಲ್ಲಿ” ಎಂದು ಕೂಗಿದೆ, ಕೆಳಗಿನವರಿಗೂ ಕೇಳುವಷ್ಟು ಜೋರಾಗಿ.