ಚೀನಾ ಹುಡುಗನ ಪರೀಕ್ಷೆ, ನಮ್ಮ ಬೇಸಿನ್ನು

ರಾಮನಗರದಲ್ಲಿ ನಾನು ಕೆಲಸ ಮಾಡುವ ರೇಷ್ಮೆ ನೂಲು ಬಿಚ್ಚುವ ಶೆಡ್ಡಿಗೆ ಚೀನಾದಿಂದ ಮಿಷನ್ ಬಂದಾಗ ಅದರ ಜೊತೆ ಇಬ್ಬರು ಬಂದಿದ್ದರು. ಹಿರಿಯ ಎಂಜಿನಿಯರು ಕಬ್ಬಿಣವನ್ನೆಲ್ಲ ನಿಲ್ಲಿಸಿ, ಬೋಲ್ಟು ಬಿಗಿಸಿ, ಮಾಗಡಿ ಕಡೆ ಇನ್ನೊಂದು ಮಿಷನ್ ಕೂರಿಸಬೇಕೆಂದು ಹೊರಟುಹೋದರು. ಹೆಂಗಸರಿಗೆ ಕೆಲಸ ಕಲಿಸಿ, ಓಡಿಸಿ ತೋರಿಸಿ ಬಾ ಎಂದು ಜೊತೆಗಿದ್ದ ಹುಡುಗನನ್ನು ನಮ್ಮಲ್ಲೇ ಬಿಟ್ಟರು. ಹುಡುಗ ಎಂದರೆ ಚಿಕ್ಕವನೇನಲ್ಲ, ಕಾಲೇಜು ಮುಗಿಸುವ ವಯಸ್ಸು. ಅವನ ಹೆಸರು ನಮ್ಮ ಯಾರ ಬಾಯಿಗೂ ಹತ್ತಲಿಲ್ಲ. ಹೆಂಗಸರು ‘ಮಗ’ ಎಂದೇ ಕರೆದರು. ಅವನೂ ಓಗೊಟ್ಟ.

ಅವನ ಜೊತೆ ಮಾತಾಡುವ ಕೆಲಸ ನನಗೆ ಬಿತ್ತು. ನಾನು ಹೈಸ್ಕೂಲು ಬಿಟ್ಟು ಬಾಯ್ಲರಿಗೆ ಸೌದೆ ಹಾಕಲು ಸೇರಿದವನು. ಮೀಸೆಯಲ್ಲಿ ಬಿಳಿ ಕೂದಲು ಕಂಡ ಮೇಲೆ ಖಾಸಗಿಯಾಗಿ ಕಟ್ಟಿ ಎಸೆಸೆಲ್ಸಿ ಮಾಡಿದೆ, ಆಮೇಲೆ ಪಿಯುಸಿ, ಆಮೇಲೆ ಅಂಚೆಯ ಮೂಲಕ ಬಿಎ. ಮಿಕ್ಕ ಪೇಪರುಗಳೆಲ್ಲ ಹೇಗೋ ಆದವು. ಇಂಗ್ಲಿಷ್ ಮಾತ್ರ ನನ್ನನ್ನು ಮತ್ತೆ ಮತ್ತೆ ಕೆಡವಿತು. ಕೊನೆಗೆ ಪಾಸಾದಾಗ ಶೆಡ್ಡಿನಲ್ಲಿ ನನಗೆ ‘ಇಂಗ್ಲಿಷ್ ಮೇಷ್ಟ್ರು’ ಎಂದು ಹೆಸರಿಟ್ಟರು. ಅರ್ಧ ಮರ್ಯಾದೆ, ಅರ್ಧ ಗೇಲಿ. ಮಾಲೀಕರೂ ಹಾಗೇ ಕೂಗುತ್ತಿದ್ದರು.

“ಮೇಷ್ಟ್ರೇ, ಹೇಳ್ಬುಡಪ್ಪ ಅವನ್ಗೆ. ಮಿಷನ್ನು ಒಂದ್ ಪೂರ್ತಿ ದಿನ ನಿಲ್ದಂಗೆ ಓಡ್ಬೇಕು. ಓಡಿದ್ ದಿನ ನಾನು ಸೈನ್ ಹಾಕ್ತೀನಿ. ಅಲ್ಲೀಗಂಟ ಅಂವ ಎಲ್ಲೂ ಹೋಗಂಗಿಲ್ಲ.”

ನಾನು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗ ತಲೆಯಾಡಿಸಿದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಫೋನಿನಲ್ಲಿ ಕ್ಯಾಲೆಂಡರ್ ತೆಗೆದು, ಒಂದು ತಾರೀಖಿನ ಮೇಲೆ ಬೆರಳಿಟ್ಟ. ಅವತ್ತು ಅವನ ಊರಿನ ಕಾಲೇಜಿನಲ್ಲಿ ಇಂಗ್ಲಿಷ್ ಪರೀಕ್ಷೆ. ಅದು ಪಾಸಾಗದಿದ್ದರೆ ಅವನ ಕಾಲೇಜಿನಲ್ಲಿ ಪದವಿ ಕೊಡುವುದಿಲ್ಲವಂತೆ. ಹಿಂದೆ ಬರೆದು ಬಿದ್ದಿದ್ದಾನೆ. ಇದೇ ಕೊನೆಯ ಅವಕಾಶ. ಇದೂ ಹೋದರೆ ಕಂಪನಿ ಅವನನ್ನು ಬೋಲ್ಟು ಬಿಗಿಸುವ ಹೆಲ್ಪರಾಗಿಯೇ ಇಟ್ಟುಕೊಳ್ಳುತ್ತದೆ.

ಅವನು ಪರೀಕ್ಷೆ ಬರೆಯಬೇಕಾದರೆ ಹೊತ್ತಿಗೆ ಸರಿಯಾಗಿ ಊರು ಸೇರಬೇಕು. ಊರು ಸೇರಬೇಕಾದರೆ ಮಿಷನ್ ಓಡಬೇಕು. ಮಿಷನ್ ಓಡಿತೆಂದರೆ ನಮ್ಮ ಹಳೆಯ ಬೇಸಿನ್ನುಗಳನ್ನು ಕಿತ್ತುಹಾಕುತ್ತಾರೆ. ಆ ಬೇಸಿನ್ನುಗಳ ಮುಂದೆ ಕೂತು ಬಿಸಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹಿಡಿಯುತ್ತಿದ್ದ ಹೆಂಗಸರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಇದು ಎಲ್ಲರಿಗೂ ಗೊತ್ತಿತ್ತು. ಹುಡುಗನಿಗೆ ಗೊತ್ತಿತ್ತೋ ಇಲ್ಲವೋ, ಆಗ ನನಗೆ ತಿಳಿಯಲಿಲ್ಲ.

ಟೀ ಹೊತ್ತಿನಲ್ಲಿ ಅವನು ಬಾಯ್ಲರಿನ ಪಕ್ಕದ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದ. ಆ ಝಳದಲ್ಲೂ ಫ್ಲಾಸ್ಕಿನಿಂದ ಬರೀ ಬಿಸಿನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದ. “ನೋಡ್ರವ್ವಾ, ನಾವು ಬಿಸಿನೀರ್ಗೆ ಕೈ ಹಾಕಿದ್ರೆ ಇಂವ ಹೊಟ್ಟೇಗೇ ಹಾಕಂತಾವ್ನೆ” ಎಂದು ಹೆಂಗಸರು ನಗುತ್ತಿದ್ದರು. ಕಿವಿಗೆ ವೈರು ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಕೇಳಿಸಿದ್ದನ್ನು ತುಟಿಯಲ್ಲೇ ಹೇಳಿಕೊಳ್ಳುವನು. ಆ ತುಟಿ ಆಡುವುದನ್ನು ನೋಡಿದಾಗಲೆಲ್ಲ ನನಗೆ ನನ್ನ ಪರೀಕ್ಷೆಗಳೇ ನೆನಪಾಗುತ್ತಿದ್ದವು. ಗೈಡಿನ ಪ್ರಬಂಧಗಳನ್ನು ಬಾಯ್ಲರ್ ಮುಂದೆ ನಿಂತು ಉರು ಹೊಡೆಯುವಾಗ ನನ್ನ ತುಟಿಯೂ ಹಾಗೇ ಆಡುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಕೂತರೆ ಮೊದಲ ಸಾಲು ಬರುತ್ತಿತ್ತು, ಎರಡನೆಯದು ಬರುತ್ತಿರಲಿಲ್ಲ.

ಅವನಿಗೂ ಪ್ರಬಂಧದ್ದೇ ಕಷ್ಟ. ಅಲ್ಲಿಯೂ ನಮ್ಮ ಹಾಗೆ ಅಚ್ಚು ಇರುತ್ತದಂತೆ. ಮೊದಲ ಭಾಗದಲ್ಲಿ ವಿಷಯ, ಮಧ್ಯದಲ್ಲಿ ಕಾರಣಗಳು, ಕೊನೆಯಲ್ಲಿ ನಾಳೆ ಎಲ್ಲ ಒಳ್ಳೆಯದಾಗುತ್ತದೆ ಎಂಬ ಮಾತು. ಬರೆದದ್ದನ್ನು ನನಗೆ ತೋರಿಸುತ್ತಿದ್ದ. ತಪ್ಪು ಹುಡುಕುವಷ್ಟು ಇಂಗ್ಲಿಷ್ ನನಗೂ ಇರಲಿಲ್ಲ. ಆದರೂ ಒಬ್ಬರು ಓದಿ ಹೂಂ ಅಂದರೆ ಬರೆದವನಿಗೆ ಧೈರ್ಯ ಬರುತ್ತದೆ. ನನಗೆ ಹಾಗೆ ಹೂಂ ಅನ್ನುವವರು ಯಾರೂ ಇರಲಿಲ್ಲ. ಅದಕ್ಕೇ ಅವನು ಕೊಟ್ಟದ್ದನ್ನೆಲ್ಲ ಕೂತು ಓದಿದೆ.

ಒಂದು ದಿನ ಅವನು ಕೊಟ್ಟ ಪ್ರಬಂಧ ಯಂತ್ರಗಳ ಬಗ್ಗೆ ಇತ್ತು. ಯಂತ್ರದಿಂದ ಮನುಷ್ಯನ ಬದುಕು ಹಗುರವಾಗುತ್ತದೆ ಎಂದು ಶುರು ಮಾಡಿದ್ದ. ಉದಾಹರಣೆಗೆ ನಮ್ಮ ಶೆಡ್ಡನ್ನೇ ತೆಗೆದುಕೊಂಡಿದ್ದ. ‘ನಾನು ಇಂಡಿಯಾದ ಒಂದು ಊರಿನಲ್ಲಿ ಯಂತ್ರ ಕೂರಿಸಿದೆ. ಅಲ್ಲಿ ಹೆಂಗಸರು ಕುದಿಯುವ ನೀರಿನಲ್ಲಿ ಕೈ ಇಡುತ್ತಿದ್ದರು. ಅವರ ಬೆರಳುಗಳು ನೋಯುತ್ತಿದ್ದವು. ಇನ್ನು ಮುಂದೆ ಅವರು ಮನೆಯಲ್ಲಿ ವಿಶ್ರಾಂತಿ ಪಡೆಯಬಹುದು.’

ನನಗೆ ಕಂಡಂತೆ ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೂ ಬಾಯಿಂದ ಹೂಂ ಬರಲಿಲ್ಲ. ಪಕ್ಕದಲ್ಲೇ ಲೋಟ ಹಿಡಿದು ಕೂತಿದ್ದ ನನ್ನ ಹೆಂಡತಿ ನನ್ನ ಮುಖ ನೋಡಿದಳು.

“ಏನಂತೆ? ಏನ್ ಬರ್ದವ್ನೆ ಮಗ?”

ಕನ್ನಡದಲ್ಲಿ ಓದಿ ಹೇಳಿದೆ. ಅವಳ ಪಕ್ಕದ ಬೇಸಿನ್ನಿನವಳೇ ಮೊದಲು ಬಾಯಿಬಿಟ್ಟಳು.

“ರೆಸ್ಟಾ? ಮನೇಲಾ? ಅಯ್ಯೋ ನಮ್ಮಪ್ಪಾ, ದಿಂಬು ತಕ್ಕೊಡ್ತಾನಂತಾ ಕೇಳಿ ಮೇಷ್ಟ್ರೇ!”

ಎಲ್ಲರೂ ನಕ್ಕರು. ಹುಡುಗನೂ ತನ್ನ ಪ್ರಬಂಧ ಮೆಚ್ಚಿದರೆಂದು ನಕ್ಕ. ನನ್ನ ಹೆಂಡತಿ ನಗಲಿಲ್ಲ. ತನ್ನ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. ಬೆರಳ ತುದಿ ಬೆಳ್ಳಗೆ ಬೆಂದು, ಗೆರೆಯೆಲ್ಲ ಸವೆದ ಕೈ. ನ್ಯಾಯಬೆಲೆ ಅಂಗಡಿಯ ಮಿಷನ್ನಿನಲ್ಲಿ ಅವಳ ಹೆಬ್ಬೆಟ್ಟು ಕೂರುವುದೇ ಇಲ್ಲ. “ನೋವೈತೆ ಅಂತ ಬರ್ದಿರೋದು ದಿಟ. ಮಿಕ್ಕಿದ್ದು ದಿಟ ಅಲ್ಲ ಅಂತ ಹೇಳಿ ಅವನ್ಗೆ” ಎಂದಳು.

ಹೇಳಿದೆ. ಬೇಸಿನ್ನು ಹೋದರೆ ಇವರಿಗೆ ಕೂಲಿ ಇಲ್ಲ ಎಂದೂ ಹೇಳಿದೆ. ಹುಡುಗ ಅವಳ ಕೈಯನ್ನೇ ನೋಡುತ್ತಾ ಕೂತ. ಆಮೇಲೆ ಬಹಳ ನಿಧಾನವಾಗಿ, “ಪರೀಕ್ಷೆಯಲ್ಲಿ ಕೊನೆ ಒಳ್ಳೆಯದಿರಬೇಕು. ಇಲ್ಲದಿದ್ದರೆ ಮಾರ್ಕ್ಸ್ ಕೊಡುವುದಿಲ್ಲ” ಎಂದ. ಅದನ್ನೂ ಅವಳಿಗೆ ಕನ್ನಡದಲ್ಲಿ ಹೇಳಿದೆ. ನನಗೂ ಗೈಡು ಅದನ್ನೇ ಕಲಿಸಿತ್ತು. ನಾನು ಪಾಸಾದದ್ದೂ ಅಂಥ ಕೊನೆಗಳನ್ನು ಬರೆದೇ. ಅವನ ಹಾಳೆಯನ್ನು ಮಡಿಸಿ ಕೊಟ್ಟೆ.

ಆ ವಾರ ಮಿಷನ್ ಓಡಲೇ ಇಲ್ಲ ಅನ್ನಬೇಕು. ಸ್ವಲ್ಪ ಹೊತ್ತು ಓಡುವುದು, ಎಳೆ ಹರಿಯುವುದು, ನಿಲ್ಲುವುದು. ಹುಡುಗ ಪೆಟ್ಟಿಗೆ ಬಿಚ್ಚಿ ವೈರುಗಳನ್ನೆಲ್ಲ ನೋಡುವನು, ಮತ್ತೆ ಮುಚ್ಚುವನು. ಕಿವಿಯ ವೈರು ಜೇಬಿನಲ್ಲೇ ಉಳಿಯಿತು. ಟೀ ಹೊತ್ತಿನಲ್ಲೂ ಮಿಷನ್ನಿನ ಅಡಿಯಲ್ಲೇ ಮಲಗಿರುತ್ತಿದ್ದ. ಒಂದು ಸಲ ಬಗ್ಗಿ ನೋಡಿದೆ. ಕಣ್ಣು ಒರೆಸಿಕೊಳ್ಳುತ್ತಿದ್ದ. ಎಣ್ಣೆ ಕೈಯಲ್ಲಿ ಒರೆಸಿಕೊಂಡು ಮುಖವೆಲ್ಲ ಕಪ್ಪಾಗಿತ್ತು.

ಅವತ್ತು ಮನೆಯಲ್ಲಿ ಹೆಂಡತಿ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಕೇಳಿದೆ. “ಮಿಷನ್ ಯಾಕಮ್ಮಿ ನಿಲ್ತಾ ಐತೆ?”

ಅವಳು ತಲೆ ಎತ್ತಲಿಲ್ಲ. ಆ ಮಿಷನ್ನಿಗೂ ಹೆಂಗಸರ ಕೈ ಬೇಕು. ಎಳೆಯ ತುದಿ ಬಿಡಿಸಿದ ಗೂಡನ್ನು ಹೊತ್ತಿಗೆ ಸರಿಯಾಗಿ ಒದಗಿಸಬೇಕು, ಹರಿದ ಎಳೆಯನ್ನು ಕೂಡಲೇ ಗಂಟು ಹಾಕಬೇಕು. ಸದ್ಯಕ್ಕೆ ಆ ಕೆಲಸ ಕಲಿಯಲು ಆರಿಸಿದ್ದವರಲ್ಲಿ ಇವಳೂ ಇದ್ದಳು; ಆಮೇಲೆ ಯಾರನ್ನು ಉಳಿಸಿಕೊಳ್ಳುತ್ತಾರೆಂದು ಮಾಲೀಕರು ಹೇಳಿರಲಿಲ್ಲ. ಒಂದು ಉಸಿರಿನಷ್ಟು ತಡಮಾಡಿದರೆ ಸಾಕು, ಮಿಷನ್ ತಾನಾಗಿ ನಿಲ್ಲುತ್ತದೆ. ಯಾರದೂ ತಪ್ಪು ಕಾಣುವುದಿಲ್ಲ.

“ಎಲ್ರೂ ಮಾತಾಡ್ಕಂಡು ಮಾಡ್ತಾ ಇದೀವಿ” ಎಂದಳು. “ನೀವು ಹೇಳೋದಾದ್ರೆ ಹೋಗಿ ಹೇಳ್ಬುಡಿ ಮಾಲೀಕ್ರಿಗೆ.”

“ನಾನ್ಯಾಕೆ ಹೇಳ್ಲಿ.”

“ಮತ್ತೆ ಯಾಕ್ ಕೇಳಿದ್ರಿ?”

ಹುಡುಗ ಅತ್ತದ್ದನ್ನು ಹೇಳಿದೆ. ಅವಳು ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು, ಮತ್ತೆ ಹರಡಿದಳು, ಮತ್ತೆ ಗುಡ್ಡೆ ಮಾಡಿದಳು. “ಪರೀಕ್ಷೆ ಯಾವತ್ತು?” ಎಂದಳು. ಹೇಳಿದೆ. ನಾಡಿದ್ದು ಹೊರಡದಿದ್ದರೆ ತಲುಪುವುದಿಲ್ಲ ಎಂದೂ ಹೇಳಿದೆ.

“ನೀವು ಇಂಗ್ಲಿಷ್‌ನಾಗೆ ಫೇಲಾಗಿ ಬಂದಾಗ್ಲೆಲ್ಲ ಗ್ವಾಡೆ ಕಡೆ ಮುಖ ಮಾಡ್ಕಂಡು ಮಲೀಕತಿದ್ರಿ. ನಾನು ಮುದ್ದೆ ತಂದಿಟ್ರೂ ಏಳ್ತಿರ್ಲಿಲ್ಲ” ಎಂದಳು.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದವಳೇ, ಮಿಷನ್ನಿನ ಮುಂದೆ ನಿಂತು, ಜೊತೆಯವರಿಗೆ ಗಟ್ಟಿಯಾಗಿ ಹೇಳಿದಳು. “ಇವತ್ತು ಯಾರೂ ತಡ ಮಾಡ್ಬ್ಯಾಡ್ರವ್ವಾ. ಮಗೀಗೆ ಪರೀಕ್ಷೆ ಐತೆ.”

“ನಿನ್ ಬೇಸಿನ್ನು ಏನಾಯ್ತದೆ ಗೊತ್ತಾ?” ಎಂದಳು ಪಕ್ಕದ ಬೇಸಿನ್ನಿನವಳು. ಅವತ್ತು ಅವಳ ದನಿಯಲ್ಲಿ ನಗೆ ಇರಲಿಲ್ಲ.

“ಗೊತ್ತು ಕಣೆ. ಇವತ್ತಲ್ದಿದ್ರೆ ಮುಂದಿನ್ ತಿಂಗ್ಳು. ಇವನಲ್ದಿದ್ರೆ ಇನ್ನೊಬ್ಬ ಬತ್ತಾನೆ. ಇವನ್ಗೆ ಮಾತ್ರ ಇನ್ನೊಂದ್ ಪರೀಕ್ಷೆ ಇಲ್ವಂತೆ.”

“ಕೆಂಗಲ್ ಹನುಮಪ್ಪನ್ ಹಂಗೆ ನೀನೇ ಎಲ್ರನ್ನೂ ಹೊತ್ಕಂಡು ಹಾರ್ಬುಡು” ಎಂದು ಗೊಣಗುತ್ತಾ ಅವಳೂ ಕೈ ತೊಳೆದುಕೊಂಡು ಬಂದು ನಿಂತಳು.

ಮಿಷನ್ ಅವತ್ತು ಓಡಿತು. ಮಧ್ಯಾಹ್ನ ಊಟಕ್ಕೂ ಪಾಳಿಯ ಮೇಲೆ ಹೋದರು. ಬಿಳಿ ನೂಲು ಸುತ್ತುತ್ತಾ ಸುತ್ತುತ್ತಾ ಚಕ್ರ ದಪ್ಪವಾಗುವುದನ್ನು ಮಾಲೀಕರು ಕೈಕಟ್ಟಿಕೊಂಡು ನೋಡಿದರು. ಸಂಜೆ ಸೈನ್ ಹಾಕಿದರು. ಹುಡುಗ ಮಿಷನ್ನಿನ ಪೆಟ್ಟಿಗೆಯನ್ನು ತಟ್ಟಿ, ತಾನೇ ಸರಿಮಾಡಿದೆನೆಂಬ ಸಂತೋಷದಲ್ಲಿ ನನ್ನ ಕಡೆ ನೋಡಿದ. ನಾನೂ ತಲೆಯಾಡಿಸಿದೆ. ನನ್ನ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ತಲೆ ಮುಟ್ಟಿ, “ಚೆನ್ನಾಗ್ ಬರಿ ಮಗ” ಎಂದಳು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಗಲಿಲ್ಲ.

ಅವನು ಹೋದ ಮೇಲೆ ಬೇಸಿನ್ನುಗಳನ್ನು ಕಿತ್ತು ಗುಜರಿಗೆ ಹಾಕಿದರು. ಮಿಷನ್ನಿಗೆ ಕಣ್ಣು ಚುರುಕಿರುವ ಚಿಕ್ಕ ವಯಸ್ಸಿನವರೇ ಸಾಕೆಂದರು ಮಾಲೀಕರು. ನನ್ನ ಹೆಂಡತಿಯನ್ನೂ ಇಟ್ಟುಕೊಳ್ಳಿ ಎಂದು ಕೇಳಲು ನಾನು ಹೋಗಿ ನಿಂತೆ. “ನಿನ್ನ ಉಳಿಸ್ಕಂಡಿದೀನಲ್ಲ ಮೇಷ್ಟ್ರೇ” ಎಂದರು. ಅದೂ ನಿಜವೇ. ಆ ಮಿಷನ್ನಿನ ಇಂಗ್ಲಿಷ್ ಪುಸ್ತಕ ಓದುವವನು ನಾನೊಬ್ಬನೇ. ಓದಿದ್ದು ನನಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಬಂದದ್ದು ಹೀಗೆ ಬಂತು. ಅವಳು ಈಗ ಹಾರೋಹಳ್ಳಿ ಕಡೆಯ ಒಂದು ಫ್ಯಾಕ್ಟರಿಗೆ ಡಬ್ಬಿ ತುಂಬುವ ಕೆಲಸಕ್ಕೆ ಹೋಗುತ್ತಾಳೆ. ಬೆಳಕು ಹರಿಯುವ ಮೊದಲೇ ವ್ಯಾನು ಬರುತ್ತದೆ. ದಿನವೆಲ್ಲ ನಿಂತೇ ಇರಬೇಕು. ಬೆರಳು ವಾಸಿಯಾಗುತ್ತಿದೆ, ಕಾಲು ಊದುತ್ತಿದೆ.

ಮೊನ್ನೆ ಹುಡುಗನ ಮೆಸೇಜು ಬಂತು. ಪಾಸಾಗಿದ್ದಾನೆ. ಪ್ರಬಂಧಕ್ಕೆ ಯಂತ್ರದ ವಿಷಯ ಬರಲಿಲ್ಲವಂತೆ, ಗೆಳೆತನದ ಬಗ್ಗೆ ಬಂದಿತ್ತಂತೆ. ಕೆಳಗೆ ಇನ್ನೊಂದು ಸಾಲು: ‘ಅಕ್ಕನ ಕೈ ಹೇಗಿದೆ? ಈಗ ಅವರಿಗೆ ವಿಶ್ರಾಂತಿ ಸಿಕ್ಕಿದೆಯೇ?’

ಉತ್ತರ ಬರೆಯಲು ಕೂತೆ. ನನ್ನ ಬೆರಳಿಗೆ ಫೋನಿನ ಅಕ್ಷರಗಳು ಬೇಗ ಸಿಗುವುದಿಲ್ಲ. ಅಷ್ಟರಲ್ಲಿ ಸಂಜೆಯ ವ್ಯಾನು ಬಂದು ನಿಂತ ಸದ್ದಾಯಿತು. ಅವಳು ಒಳಗೆ ಬಂದು ಗೋಡೆಗೊರಗಿ ಕಾಲು ಚಾಚಿದಳು. ಓದಿ ಹೇಳಿದೆ.

“ಪಾಸಾದ್ನಾ?” ಅವಳ ಮುಖ ಅರಳಿತು. “ಅಕ್ಕಂಗೆ ಖುಷಿ ಆಯ್ತು ಅಂತ ಬರೀರಿ. ಕೈ ವಾಸಿ ಆಯ್ತು ಅಂತಾನೂ ಬರೀರಿ.”

“ರೆಸ್ಟ್ ಸಿಕ್ತಾ ಅಂತ ಕೇಳವ್ನೆ.”

ಅವಳು ಊದಿದ ಪಾದವನ್ನು ತಿಕ್ಕಿಕೊಂಡಳು.

“ಅಂವ ಪಾಸಾಗ್ಬುಟ್ನಲ್ಲ, ಇನ್ನೇನು ಮಾರ್ಕ್ಸ್ ಕಳ್ಕಳೋದಿಲ್ಲ. ಇರೋದೇ ಬರೀರಿ.”

ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಕೂತೆ. ಅವಳು ಎದ್ದು ಒಲೆ ಹಚ್ಚಿ, ಎಸರಿಟ್ಟು, ಹಿಟ್ಟಿನ ಡಬ್ಬ ಕೆಳಗಿಳಿಸಿದಳು. ಆಗಲೂ ನಾನು ಮೊದಲ ಸಾಲಿನಲ್ಲೇ ಇದ್ದೆ.